ಎಲ್ಲರಂಗ ಆಗೇವಿ ಅಂತ ಬರಕೊಟ್ಟಾಕಿ

ಹದಿನೆಂಟು ತುಂಬೂಕಿಂತ ಮೊದಲ ನಾನು ನಿವೃತ್ತಿ ಆದ್ನಿ. ನನ್ನ ವಾರಗಿ ಹುಡುಗ್ಯಾರು ಯಾವ ನೌಕ್ರಿಗೆ ಅರ್ಜಿ ಹಾಕೂದು ಅಂತ ಇನ್ನೂ ವಿಚಾರ ಮಾಡಾಕತ್ತಾರ. ನಾನು ನಾಲ್ಕು ವರ್ಷದ ಸರ್ವಿಸ್ ಮುಗಿಸಿ, ಹೊರಸಿನ ಮ್ಯಾಲ ಕಾಲ ಮ್ಯಾಲ ಕಾಲ ಹಾಕ್ಕೊಂಡು, ಅನುಭವ ಬರ್ಯಾಕ ಕುಂತೇನಿ. ಯಾರೂ ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ, ಗ್ವಾಡಿ ಗಡಿಯಾರ ಕೊಡಲಿಲ್ಲ. ಬರೀ ಅಂತ ಯಾರೂ ಕೇಳೂ ಇಲ್ಲ. ಆದ್ರ ನನ್ನ ಜಾಗಾಕ್ಕ ಪಾರು ಬಂದಾಳ, ಇನ್ನೂ ಹದಿಮೂರು ವರ್ಷದಾಕಿ. ಅಕಿ ನಾ ಮಾಡಿದ್ದ ಹೊಳ್ಳಿ ಮಾಡಬಾರದು ಅಂತ ಇಷ್ಟು ಶಾಯಿ ಖರ್ಚು ಮಾಡಾಕತ್ತೇನಿ.

ನನ್ನ ಹುದ್ದೆ ಹೆಸರು ಸರ್ಕಾರದ ಯಾವ ಪುಸ್ತಕದಾಗೂ ಸಿಗೂದಿಲ್ಲ. ನಮ್ಮ ಓಣ್ಯಾಗ ಅದಕ್ಕ 'ಮಾತಾಡಾಕಿ' ಅಂತಾರ. ಪೆನ್ನು, ಟೊಪ್ಪಿಗಿ, ಫೈಲು, ಈ ಮೂರರಾಗ ಒಂದು ಹಿಡಕೊಂಡು ಯಾರ ಬಂದ್ರೂ ಓಣಿ ಮುಂದ ನಿಂತು ಮಾತಾಡೂದು. ಅವ್ರು ಬರಲಿಲ್ಲ ಅಂದ್ರ ನಾವ ಅವ್ರ ಕಚೇರಿಗೆ ಹೋಗಿ ಮಾತಾಡೂದು. ಇಷ್ಟ ಕೆಲಸ. ಹೇಳಾಕ ಸಣ್ಣದು. ಮಾಡಿದ್ರ ನಾಲಿಗಿ ಮ್ಯಾಲ ಗುಳ್ಳಿ ಏಳ್ತಾವ.

ನಮ್ಮ ಓಣಿ ತಾಂಬಾ ಊರು ದಾಟಿ ಸಿಂದಗಿ ಕಡೆ ಹೋಗೂ ದಾರಿಗೆ ಐತಿ. ಇಪ್ಪತ್ತೆರಡು ತಗಡಿನ ಮನಿ. ನಾವು ಹರಣಶಿಕಾರಿಗಳು. ಅಜ್ಜ ಮುತ್ಯಾನ ಕಾಲಕ್ಕ ಕೌಜುಗ, ಪುರಲಿ ಹಕ್ಕಿ, ಜಿಂಕಿ ಹಿಡೀತಿದ್ದವರು ಈಗ ಕಬ್ಬು ಕಡೀತೇವಿ, ತೊಗರಿ ಕೊಯ್ತೇವಿ. ಸರ್ಕಾರದ ಪಟ್ಟಿದಾಗ ನಾವು ಪರಿಶಿಷ್ಟ ಪಂಗಡ. ಸುತ್ತಿನ ಊರವರ ಪಟ್ಟಿದಾಗ ಮೊದಲನೇ ಅನುಮಾನ. ಎರಡನೇ ಪಟ್ಟಿದಾಗ ಹೆಸರು ಸೇರಿಸಾಕ ಯಾವ ದಾಖಲೆನೂ ಬೇಕಾಗಂಗಿಲ್ಲ, ಆ ಸೌಲಭ್ಯ ಮನಿ ಬಾಗಲಿಗೇ ಬರ್ತೈತಿ.

ಇಂಡಿದಾಗ ನಾನು ಖಾಯಂ. ಸಿಂದಗಿಗೆ ವಾರಕ್ಕ ಎರಡು ಸಲ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ನಮ್ಮ ಬೀಗರು ಅದಾರ, ಅವ್ರು ಕರದಾಗ ಡೆಪ್ಯುಟೇಶನ್. ಒಮ್ಮೆ ನಿಡಗುಂದಿಗೆ ಒಂದು ದಿನಕ್ಕ ಅಂತ ಹೋಗಿ ಹದಿನೈದು ದಿನ ಮಾತಾಡಿ ಬಂದೇನಿ. ಇನ್ನ ಕಚೇರಿ ಯಾವ ಊರಿಂದು, ಠಾಣೆ ಯಾವ ಊರಿಂದು ಅಂತ ಮಾತ್ರ ಎಲ್ಲೂ ಹೇಳಂಗಿಲ್ಲ. ಐದೂ ಕಡೆ ಅದ ಮೂರು ಕಾಲಿನ ಬೆಂಚು, ಅದ 'ನಾಳೆ ಬಾ'. ಯಾರಿಗೂ ಬ್ಯಾಸರ ಆಗಬಾರದು.

ಒಂದು ಮಾತು ಮೊದಲ ಹೇಳಿಬಿಡ್ತೇನಿ. ನನ್ನ ದೊಡ್ಡಪ್ಪನ ಮಗಳು ಶಾಂತಾ ಪಿಯುಸಿ ಪಾಸಾಗಿ ನರ್ಸಿಂಗ್ ಸೀಟು ತಗೊಂಡಳು. ನಮ್ಮ ಓಣ್ಯಾಗ ಅಷ್ಟು ಓದಿದಾಕಿ ಅಕಿ ಒಬ್ಬಾಕಿನ. ಅಕಿಗೆ ಬೇಕಾಗಿದ್ದು ಒಂದ ಒಂದು ಜಾತಿ ಸರ್ಟಿಫಿಕೇಟ್. ಅದು ಸಿಗದಂಗ ಮಾಡಿದಾಕಿ ನಾನು, ಹದಿನಾಲ್ಕನೇ ವಯಸ್ಸಿಗೆ, ಭಾಳ ಚಂದ ಅಕ್ಷರದಾಗ. ಹೆಂಗಂತ ಸಾವಕಾಶ ಹೇಳ್ತೇನಿ.

ನನ್ನ ನೇಮಕಾತಿ ಆಗಿದ್ದು ಹದಿಮೂರಕ್ಕ. ಯಾರೋ ಒಬ್ಬ ಸಾಹೇಬ ದೊಡ್ಡ ಪಟ್ಟಿ ಹಿಡಕೊಂಡು ಬಂದು ಮನಿಗೆಷ್ಟು ಮಂದಿ ಅಂತ ಕೇಳಾಕತ್ತಿದ್ದ. ನಮ್ಮ ಹಿರ್ಯಾರ ಪದ್ಧತಿ ಏನಂದ್ರ, ಪೆನ್ನು ಕಂಡ ಕೂಡಲೇ ಕಲ್ಲಾಗೂದು. ಮನ್ಯಾಗ ಒಂಬತ್ತು ಮಂದಿ ಇದ್ರೂ ಇಬ್ಬರು ಅಂತಾರ, ಆ ಇಬ್ಬರೂ ಊರಿಗೆ ಹೋಗ್ಯಾರ ಅಂತಾರ. ಸಾಹೇಬ ಬ್ಯಾಸತ್ತು ಹೊಳ್ಳಾಕತ್ತಿದ್ದ. ಆಗ ಅಜ್ಜ ನನ್ನ ಹೆಗಲ ಮ್ಯಾಲ ಕೈ ಇಟ್ಟು ಮುಂದ ನೂಕಿದ. ಅಜ್ಜ ಅಂದ್ರ ಭೀಮಪ್ಪ, ನಮ್ಮ ಓಣಿ ಪಂಚ, ನನ್ನ ಮೇಲಧಿಕಾರಿ. ಸಾಲ್ಯಾಗ ಭಾಷಣಕ್ಕ ಸ್ಟೀಲ್ ಬಟ್ಟಲ ಗೆದ್ದಾಕಿ ನಾನು, ಬಿಟ್ಟೇನೇನು? ಇಪ್ಪತ್ತೆರಡು ಮನಿ ಮಂದಿನ್ನ ಹೆಸರು ಹಿಡದು ಹೇಳಿದ್ನಿ. ಹೇಳೂ ಭರಾಟೆದಾಗ ಎರಡು ನಾಯಿನೂ ಕುಟುಂಬದ ಸದಸ್ಯರಾಗಿ ಹೋದವು. ಒಂದಕ್ಕ ವಯಸ್ಸು ಆರು ಅಂತ ಬರಕೊಂಡ್ರು.

ಅಲ್ಲಿಂದ ನನ್ನ ಕೈಯಾಗ ಹುಟ್ಟಿದ ತಾರೀಖು ಬಂತು. ನಮ್ಮಲ್ಲಿ ಯಾರಿಗೂ ತಾರೀಖು ಗೊತ್ತಿಲ್ಲ. "ದೊಡ್ಡ ಗಾಳಿಗೆ ಬೇವಿನ ಗಿಡ ಬಿತ್ತಲ್ಲ, ಅದರ ಮುಂದಿನ ಸುಗ್ಗಿಗೆ" ಅಂತಾರ. ಅರ್ಜಿ ಒಳಗ ಬೇವಿನ ಗಿಡಕ್ಕ ಕಾಲಂ ಇಲ್ಲ. ಅದಕ್ಕ ನಾನ ಹುಟ್ಟಿಸಾಕ ಸುರು ಮಾಡಿದ್ನಿ. ನಲವತ್ತು ಮಂದಿನ್ನ ಹುಟ್ಟಿಸೇನಿ, ಯಾವ ಸೂಲಗಿತ್ತಿನೂ ಒಂದ ದಿನದಾಗ ಅಷ್ಟು ಮಾಡಿರಾಕಿಲ್ಲ. ತಾರಾ ಅತ್ತಿ ತನ್ನ ವಯಸ್ಸು ಸ್ವಲ್ಪ ಕಡಿಮಿ ಬರಿ ಅಂದ್ಳು, ಬರದ್ನಿ. ಆರು ತಿಂಗಳ ಮ್ಯಾಲ ಕಚೇರಿ ಕಾರಕೂನ ಕಾಗದ ಹಿಡದು ಕರಸಿದ. ಮಗ ತಾಯಿಗಿಂತ ಎರಡು ವರ್ಷ ದೊಡ್ಡಂವ ಆಗಿದ್ದ. ನಾನು ಮಾರಿ ಗಂಭೀರ ಮಾಡ್ಕೊಂಡು, ನಮ್ಮಲ್ಲಿ ಹಂಗ ಪದ್ಧತಿ ಐತ್ರಿ ಅಂದ್ನಿ. ಅಂವ ಒಂದ ಕ್ಷಣ ನನ್ನ ನೋಡಿದ, ತಲಿ ಆಡಿಸಿದ, ಸಿಕ್ಕಾ ಹೊಡದ.

ಪಾರು, ಇದು ನೆನಪಿಡು. ನಮ್ಮ ಬಗ್ಗೆ ಏನ್ ವಿಚಿತ್ರ ಹೇಳಿದ್ರೂ ನಂಬ್ತಾರ. ನಿನ್ನಿ ಮನ್ಯಾಗ ಮಲಗಿದ್ವಿ ಅಂದ್ರ ಅದೊಂದು ನಂಬಂಗಿಲ್ಲ.

ಆಮ್ಯಾಲ ಮಶೀನು ಬಂತು. ಮೊದಲ ಮಸಿ ಹಚ್ಚಿ ಕಾಗದದ ಮ್ಯಾಲ ಹೆಬ್ಬಟ್ಟು ಒತ್ತಿದ್ರ ಮುಗೀತಿತ್ತು. ಈಗ ಕೆಂಪು ದೀಪದ ಮ್ಯಾಲ ಬಟ್ಟು ಇಡಬೇಕು. ಸಿಂದಗಿ ಬಸ್‌ಸ್ಟ್ಯಾಂಡ ಮುಂದ ರಾಜೇಸಾಬನ ಆನ್‌ಲೈನ್ ಅಂಗಡಿ. ಅಂವ ವಯಸ್ಸಾದ ಮನಷ್ಯಾ, ಗಡ್ಡ ಬೆಳ್ಳಗ, ಮಾತು ಕಡಿಮಿ, ನನಗ 'ವಕೀಲರ' ಅಂತ ಕರೀತಿದ್ದ. ಅಜ್ಜನ್ನ ಅಲ್ಲಿ ಕರಕೊಂಡು ಹೋದ್ನಿ. ಅಜ್ಜನ ಬಟ್ಟಂದ್ರ ಕಬ್ಬಿನ ರವದಿ, ಕುಡಗೋಲು, ಕಲ್ಲು ಎಲ್ಲಾ ಸೇರಿ ಸವಿಸಿದ ನುಣ್ಣನೆ ಬಟ್ಟು. ಮಶೀನು ಹನ್ನೊಂದು ಸಲ, ಇಂವ ಇವನಲ್ಲ ಅಂತು. ರಾಜೇಸಾಬ ಬಟ್ಟು ತೊಳಸಿದ, ಒರಸಿದ, ಎಣ್ಣಿ ಹಚ್ಚಿಸಿದ, ಕಡಿಗೆ ಕಣ್ಣು ತೋರಿಸಿ ಪಾಸ್ ಮಾಡಿಸಿದ. ಅಜ್ಜ ಹೊರಗ ಬಂದು ಬಟ್ಟು ನೋಡ್ಕೊಂತ ಅಂದ, "ಠಾಣ್ಯಾಗ ಒತ್ತಿಸಿಕೊಂಡಾಗ ಒಂದು ಸಲಾನೂ ನೀ ಅಲ್ಲ ಅನ್ನಲಿಲ್ಲ. ಅಕ್ಕಿ ಕೊಡೂ ಹೊತ್ತಿಗೆ ನಾ ಅಲ್ಲ ಅಂತಾರ."

ಠಾಣೆ ಸುದ್ದಿ ಬಂತಲ್ಲ, ನನ್ನ ಸರ್ವಿಸಿನ ದೊಡ್ಡ ಪರಾಕ್ರಮ ಅಲ್ಲೇ ಆತು. ಹತ್ತಿರದ ಒಂದು ಊರಾಗ ಬಾವಿ ಮೋಟಾರು ಕಳವು ಆತು. ಬೆಳಕು ಹರಿಯೂ ಹೊತ್ತಿಗೆ ಜೀಪು ನಮ್ಮ ಓಣ್ಯಾಗ ಇತ್ತು. ಮೋಟಾರು ಹೋಗೇತಿ ಅಂತ ಅದರ ಮಾಲಕಗೂ ಇನ್ನೂ ಗೊತ್ತಾಗಿರಲಿಕ್ಕಿಲ್ಲ, ಜೀಪಿಗೆ ಮಾತ್ರ ದಾರಿ ಬಾಯಿಪಾಠ. ದೊಡ್ಡಪ್ಪನ್ನ ಸೇರಿ ಮೂರು ಮಂದಿನ್ನ ಒಯ್ದ್ರು. ಎರಡು ದಿನ ಆದ ಮ್ಯಾಲ ಮೋಟಾರು ಮಾಲಕನ ಸ್ವಂತ ಅಳ್ಯಾನ ಹೊಲದಾಗ ನೀರು ಎತ್ತಾಕತ್ತಿತ್ತು. ಆದ್ರೂ ಮಂದಿನ್ನ ಬಿಡಲಿಲ್ಲ. ಅದ ವಾರ ತೊಗರಿ ಹೊಲದಾಗ ಒಂದು ಉರುಲು ಸಿಕ್ಕಿತ್ತು ಅಂತ ಅರಣ್ಯದವರೂ ಬಂದಿದ್ರು. ಠಾಣ್ಯಾಗ ಬರೀತಿದ್ದ ಪೊಲೀಸಪ್ಪ ನನಗ ಅಂದ, ನಿಮ್ಮಂದಿ ಆ ಕಸಬು ಎಲ್ಲಾ ಬಿಟ್ಟಾರ ಅಂತ ನಾಕು ಸಾಲು ಬರಕೊಡ್ರಿ, ಹೆಬ್ಬಟ್ಟು ಒತ್ತಿಸ್ರಿ, ಬಿಡ್ತೇವಿ, ಹೊಳ್ಳಿ ಬರಂಗಿಲ್ಲ.

ನಾಕು ಸಾಲು ಬರಿ ಅಂದ್ರ ನಾಕು ಸಾಲು ಬರ್ಯಾಕಿ ನಾನಲ್ಲ. ಎರಡು ಪುಟ ಬರದ್ನಿ. ಸಾಲ್ಯಾಗ ಕಲತ ದೊಡ್ಡ ದೊಡ್ಡ ಶಬ್ದ ಎಲ್ಲಾ ಅವತ್ತ ಕೆಲಸಕ್ಕ ಬಂದ್ವು. "ನಾವು ಈಗ ಸಕಲ ನಾಗರಿಕರಂತೆ ಆಗಿರುತ್ತೇವೆ. ನಮ್ಮಲ್ಲಿ ಯಾರಿಗೂ ಬೇಟೆಯ ಗಂಧವೂ ತಿಳಿಯದು. ನಮ್ಮ ಹಿರಿಯರ ಪದ್ಧತಿಗಳು ನಮಗೆ ನೆನಪಿಲ್ಲ. ನಮ್ಮ ಹಿರಿಯರ ಪದ್ಧತಿಗಳು ನಮಗೆ ನೆನಪಿಲ್ಲ. ನಮ್ಮ ಮಕ್ಕಳಿಗೆ ನಮ್ಮ ಹಳೆಯ ಭಾಷೆಯ ಒಂದು ಶಬ್ದವೂ ಬಾರದು." ಕಡೀ ಸಾಲು ಬರ್ಯೂ ಮುಂದ ನನಗ ಎಷ್ಟು ಖುಷಿ ಆತಂದ್ರ, ಅದರ ಕೆಳಗ ಗೆರಿ ಎಳದ್ನಿ.

ಹೊಳ್ಳಿ ಓಣಿಗೆ ಬಂದು ಎಲ್ಲಾರ್ನೂ ಕುಂದರಿಸಿ, ಜೀಪು ಬರಬಾರದು ಅಂತ ಬರದೇನಿ, ಒತ್ರಿ ಅಂದ್ನಿ. ಒತ್ತಿದ್ರು. ಮೂವತ್ತೊಂದು ಹೆಬ್ಬಟ್ಟು, ಅಜ್ಜಂದು ಎಲ್ಲಾಕಿಂತ ಮ್ಯಾಲ. ಚಂಜೀ ಮುಂದ ದೊಡ್ಡಪ್ಪ ಮನಿಗೆ ಬಂದ, ನೆಟ್ಟಗ ಕುಂದರಾಕ ಬರ್ತಿರಲಿಲ್ಲ. ಶಾಂತಾ ಅವನ ಬೆನ್ನಿಗೆ ಬಿಸಿನೀರಿನ ಅರವಿ ಇಟ್ಟಳು. ಅಕಿ ನರ್ಸ್ ಆಗ್ತೇನಿ ಅಂದಿದ್ದೂ ಅವತ್ತ. ನಾನು ಅಲ್ಲೇ ನಿಂತು ನನ್ನ ಎರಡು ಪುಟದ ಸುದ್ದಿ ಹೇಳ್ಕೊಂತ ಇದ್ನಿ.

ಜೀಪು ಒಂದು ವರ್ಷ ಬರಲಿಲ್ಲ. ನನ್ನ ಹೆಸರು ಕೃಷ್ಣಾ ನದಿ ತನಕ ಹೋತು. ಮುದ್ದೇಬಿಹಾಳದ ಬೀಗರು ಅದರ ಝೆರಾಕ್ಸ್ ಕೇಳಿ ಮಂದಿ ಕಳಿಸಿದ್ರು. ನಾನು ಝೆರಾಕ್ಸಿನ ಮ್ಯಾಲೂ ಸಹಿ ಮಾಡಿ ಕೊಟ್ಟೇನಿ.

ಮೂರು ವರ್ಷ ಆದ ಮ್ಯಾಲ ಶಾಂತಾಗ ಸೀಟು ಸಿಕ್ತು. ನಮ್ಮಲ್ಲಿ ಹಿಂದ ಯಾರೂ ಸಾಲಿಗೆ ಹೋಗಿಲ್ಲ, ಹಿಂಗಾಗಿ ಅಪ್ಪನ ಸಾಲಿ ದಾಖಲೆ ತೋರಿಸಾಕ ಬರಂಗಿಲ್ಲ. ರಾಜೇಸಾಬ ಆನ್‌ಲೈನದಾಗ ಅರ್ಜಿ ಹಾಕಿದ. ಎಂಟು ದಿನಕ್ಕ ತಿರಸ್ಕಾರ ಆಗಿ ಬಂತು, 'ಬುಡಕಟ್ಟು ಲಕ್ಷಣಗಳು ಕಂಡುಬಂದಿಲ್ಲ' ಅಂತ. ಸೀಟಿಗೆ ಕಾಗದ ಕೊಡಾಕ ಉಳದಿದ್ದು ಹನ್ನೆರಡು ದಿನ.

ಶಾಂತಾನ್ನ ಕರಕೊಂಡು ಕಚೇರಿಗೆ ಹೋದ್ನಿ. ಹೋಗ್ತಾ ಬಸ್ಸಿನಾಗ ಏನ್ ಮಾತಾಡಬೇಕು ಅಂತ ಅಕಿಗೆ ಪ್ರಾಕ್ಟೀಸ್ ಮಾಡಿ ತೋರಿಸಿದ್ನಿ, ಮುಂದಿನ ಸೀಟಿನ ಮಂದಿ ಹೊಳ್ಳಿ ಹೊಳ್ಳಿ ನೋಡಿದ್ರು. ಅಲ್ಲಿ ಹೊಸ ಸರ್ಕಲ್ ಸಾಹೇಬ್ರು ಬಂದಿದ್ರು. ಊರೂರು ತಿರಗಿ ತಪಾಸಣೆ ಮಾಡೂ ಕಂದಾಯದ ಸಾಹೇಬ್ರಿಗೆ ನಮ್ಮ ಕಡೆ ಸರ್ಕಲ್ ಅಂತಾರ. ಇವ್ರು ಕೋಲಾರ ಕಡೆದವರು. ಅವ್ರ ಕನ್ನಡ ಎಷ್ಟು ಮೆತ್ತಗಂದ್ರ, ಬೈದ್ರೂ ಉಣ್ಣಾಕ ಕರದಂಗ ಕೇಳಸ್ತಿತ್ತು. ನಾನು ಸುರು ಮಾಡಿದ್ನಿ. ಸಂವಿಧಾನ ಅಂದ್ನಿ, ಮೂಲನಿವಾಸಿ ಅಂದ್ನಿ, ಸಾವಿರಾರು ವರ್ಷ ಅಂದ್ನಿ. ಅವ್ರು ಪೂರ್ತಿ ಕೇಳಿಸಿಕೊಂಡ್ರು. ಆಮ್ಯಾಲ ಫೈಲ್ ತಗದು ಎರಡು ಪುಟ ನನ್ನ ಮುಂದ ಇಟ್ರು.

"ಇದು ಯಾರ ಅಕ್ಷರಮ್ಮಾ?"

ಗೆರಿ ಎಳದ ಕಡೀ ಸಾಲು ನೋಡಿ, ನಂದ್ರಿ ಅಂದ್ನಿ. ಠಾಣ್ಯಾಗ ಕೊಟ್ಟ ಕಾಗದ ಕಚೇರಿಗೆ ಹೆಂಗ ಬಂತು ಅಂತ ಗೊತ್ತಿಲ್ಲ. ಸರ್ಕಾರದಾಗ ನಮಗ ಬೇಕಾದ ಕಾಗದ ಒಂದು ಟೇಬಲ್ಲಿಂದ ಇನ್ನೊಂದಕ್ಕ ಹೋಗಾಕ ಆರು ತಿಂಗಳ ಬೇಕು. ಬ್ಯಾಡಾದ್ದು ತಾನ ನಡಕೊಂಡು ಬಂದು ಫೈಲಿನಾಗ ಮಲಗಿರ್ತೈತಿ. ಸಾಹೇಬ್ರು ಅಂದ್ರು, ನಿಮ್ಮ ಪದ್ಧತಿ ನೆನಪಿಲ್ಲ, ಭಾಷೆ ಬರಲ್ಲ, ಎಲ್ಲರ ಹಾಗೆ ಆಗಿದ್ದೀವಿ ಅಂತ ನೀವೇ ಮೂವತ್ತೊಂದು ಜನ ಬರೆದುಕೊಟ್ಟಿದ್ದೀರಿ, ಹಿಂದಿನವರು ಇದನ್ನ ನೋಡಿ ತಿರಸ್ಕಾರ ಮಾಡಿದಾರೆ, ನಾನೇನು ಮಾಡ್ಲಿ?

ಶಾಂತಾ ಎರಡೂ ಪುಟ ನಿಂತ ಓದಿದಳು. ಬಸ್ಸಿನಾಗ ಹೊಳ್ಳಿ ಬರೂ ಮುಂದ ತಾಂಬಾ ಬರೂ ತನಕ ಕಿಡಕಿ ಹೊರಗ ನೋಡ್ತಿದ್ದಳು. ಇಳಿಯೂ ಹೊತ್ತಿಗೆ ಒಂದ ಮಾತು ಅಂದ್ಳು, "ಅಕ್ಷರ ಚಂದ ಅದಾವ."

ನಾನು ಸಿಂದಗಿಗೆ ಹೋಗಿ ರಾಜೇಸಾಬನ ಮುಂದ ಕುಂತ್ನಿ. ಅಂವ ಎಲ್ಲಾ ಕೇಳಿ, ಯಾರದೋ ಆಧಾರ ಲ್ಯಾಮಿನೇಶನ್ ಮಾಡ್ಕೊಂತ ಒಂದ ಪ್ರಶ್ನೆ ಹಾಕಿದ, ಒತ್ತಿಸೂಕಿಂತ ಮೊದಲ ಅವ್ರಿಗೆ ಓದಿ ಹೇಳಿದ್ದಿ ಏನು ಅಂತ. ಓದಿ ಹೇಳೂವಷ್ಟು ಟೈಮ್ ಇರಲಿಲ್ಲ ಅಂದ್ನಿ. ಕೆಳಗ ಗೆರಿ ಎಳ್ಯಾಕ ಟೈಮ್ ಇತ್ತು ಅಂದ. ಅಲ್ಲಿಂದ ಎದ್ದು ಬಂದ್ನಿ.

ಅವತ್ತ ಕಚೇರ್ಯಾಗ ಸರ್ಕಲ್ ಸಾಹೇಬ್ರು ಒಂದು ಸಲ ಓಣಿಗೆ ಬಂದು ನೋಡಾಕ ಒಪ್ಪಿಕೊಂಡಿದ್ರು. ಅವ್ರ ಕೈಯಾಗ ಒಂದು ನಮೂನೆ ಇತ್ತು. ಊಟ, ದೇವರು, ಭಾಷೆ, ಸಾಂಪ್ರದಾಯಿಕ ಕಸಬು ಅಂತ ಕಾಲಂ. ಈ ಕಸಬಿನ ಕಾಲಂ ಭಾಳ ಚಂದ ಐತಿ. ಉರುಲು ತೋರಿಸಿದ್ರ ಅರಣ್ಯದವರು ಕೇಸ್ ಹಾಕ್ತಾರ. ತೋರಿಸಲಿಲ್ಲ ಅಂದ್ರ ಕಂದಾಯದವರು ನೀವು ಹರಣಶಿಕಾರಿ ಅಲ್ಲ ಅಂತಾರ. ನಾವು ಹರಣಶಿಕಾರಿ ಆಗಿರಬೇಕು, ಆದ್ರ ಶಿಕಾರಿ ಮಾಡಿರಬಾರದು. ಈಜು ಬರ್ತೈತೇನು ತೋರಿಸು, ಮೈ ತೊಯ್ದ್ರ ದಂಡ, ಅಂದಂಗ.

ಇದಕ್ಕ ನಾನು ಒಂದು ಉಪಾಯ ಮಾಡಿದ್ನಿ. ಸಾಲಿ ಪುಸ್ತಕದಾಗ ಆದಿವಾಸಿ ಅಂತ ಒಂದು ಚಿತ್ರ ಇತ್ತು, ತಲಿಗೆ ಗರಿ, ಸೊಂಟಕ್ಕ ಎಲಿ, ಕೈಯಾಗ ಈಟಿ. ಅದನ್ನ ನೋಡ್ಕೊಂಡು ತಯಾರಿ ನಡಸಿದ್ನಿ. ತಾರಾ ಅತ್ತಿಗೆ ಗರಿ ಕಟ್ಟಿದ್ನಿ. ನಾಲ್ಕು ಮಂದಿ ಗಂಡಸರಿಗೆ ಮಟಮಟ ಮಧ್ಯಾಹ್ನದಾಗ ಬೆಂಕಿ ಸುತ್ತ ಕುಣೀರಿ ಅಂದ್ನಿ. ಎಲಿ ಕಟ್ಟಿಕೊಳ್ರಿ ಅಂದಿದ್ದಕ್ಕ ದೊಡ್ಡಪ್ಪ, ನೀ ಮೊದಲ ಕಟ್ಟಿಕೋ, ನಾವು ನೋಡಿ ಕಲೀತೇವಿ ಅಂದ. ನಮ್ಮ ದೇವರ ಪೆಟ್ಟಿಗಿ ಹೊರಗ ತರೂದಿಲ್ಲ ಅಂತ ಮನಿ ಹೆಣ್ಣಮಕ್ಕಳು ಬಾಗಲಾ ಹಾಕ್ಕೊಂಡ್ರು, ಅದಕ್ಕ ಒಂದು ಕಲ್ಲಿಗೆ ಕುಂಕುಮ ಬಳದು ಹೊಸ ದೇವರನ್ನೂ ಮಾಡಿದ್ನಿ. ಅದರ ಹೆಸರು ನನಗ ಇವತ್ತಿಗೂ ಗೊತ್ತಿಲ್ಲ.

ಸಾಹೇಬ್ರು ಗಾಡಿ ನಿಲ್ಲಿಸಿ ಇಳದು, ಎಲ್ಲಾ ಒಂದು ಸುತ್ತು ನೋಡಿದ್ರು. ತಾರಾ ಅತ್ತಿ ಮುಂದ ನಿಂತು, ಇದು ಯಾವ ಹಕ್ಕಿ ಗರಿ ಅಂತ ಕೇಳಿದ್ರು. ಕಾಡಹಕ್ಕಿದ್ರಿ ಅಂದ್ನಿ. ಅವ್ರು ಹತ್ತಿರ ಬಂದು, ಬ್ರಾಯ್ಲರ್ ಅಲ್ವೇನಮ್ಮಾ ಅಂದ್ರು. ಅತ್ತಿ ಬಾಯಿಗೆ ಸೆರಗು ಹಚ್ಚಿಕೊಂಡಳು. ನಗು ತಡೀಲಾರದ ಗರಿ ಎಲ್ಲಾ ನಡಗಾಕತ್ತಿದ್ವು.

ಶಾಂತಾ ತಗಡಿಗೆ ಆತು ನಿಂತಿದ್ದಳು, ಅಂಕಪಟ್ಟಿ ಎದಿಗೆ ಹಿಡಕೊಂಡು. ಇನ್ನ ಎರಡು ದಿನ ಹೋದ್ರ ಸೀಟು ಬ್ಯಾರೆಯವರಿಗೆ. ಸಾಹೇಬ್ರಿಗೂ ಅದು ಗೊತ್ತಿತ್ತು. ಅವ್ರು ಅಜ್ಜನ ಹತ್ತಿರ ಹೋಗಿ, ಹಕ್ಕಿ ಥರ ಕೂಗಿ ಕರೀತೀರಂತೆ, ಒಂದು ಸಲ ಕೂಗಿ ಅಂದ್ರು. ಅಜ್ಜ ಕೌಜುಗದ ದನಿ ಮಾಡಿದ್ರ ಸುತ್ತಿನ ಹೊಲದಾಗಿನ ಕೌಜುಗ ಎಲ್ಲಾ ಎದ್ದು ಉತ್ತರ ಕೊಡ್ತಾವ, ಇದರಾಗ ನಾ ಏನೂ ಕೂಡಿಸಿಲ್ಲ. ಆದ್ರ ಅಜ್ಜ ಒಲ್ಲೆ ಅಂದ. ಕನ್ನಡ ಅಲ್ಲ, ನಮ್ಮ ಮಾತಿನಾಗ ನನಗ ಹೇಳಿದ, "ಕರದ್ರ ಬರ್ತೈತಿ. ಬಂದ ಹಕ್ಕಿಗೆ ನಾ ಏನ್ ಹೇಳ್ಲಿ?"

ಅಜ್ಜನಿಗೆ ಗಂಟಲು ಬ್ಯಾನಿ ಐತ್ರಿ ಅಂತ ಅನುವಾದ ಮಾಡಿದ್ನಿ.

ಸಾಹೇಬ್ರು ನಮೂನೆ ಮಡಚಿದ್ರು. ಏನೂ ಬರೀಲಿಲ್ಲ. ಗಾಡಿ ಕಡೆ ಹೋಗ್ತಾರ ಅಂತ ಮಾಡಿದ್ನಿ, ಹೋಗಲಿಲ್ಲ. ಹೊರಸಿನ ಮ್ಯಾಲ ಕುಂತು, ಫೈಲಿನ ದಾರ ಬಿಚ್ಚಿ, ಆ ಎರಡು ಪುಟ ತಗದು ನನ್ನ ಕೈಯಾಗ ಕೊಟ್ರು.

"ಇದನ್ನ ಇವರಿಗೆ ಓದಿ ಹೇಳಿದ್ರಾ?"

ಇಲ್ಲ ಅಂದ್ನಿ.

"ಈಗ ಓದಿ. ಅವರ ಭಾಷೇಲಿ."

ಮೂವತ್ತೊಂದು ಮಂದ್ಯಾಗ ಮುಕ್ಕಾಲು ಪಾಲು ಅಲ್ಲೇ ಕುಂತಿದ್ರು. ನಾನು ಸುರು ಮಾಡಿದ್ನಿ. ಕನ್ನಡದಾಗ ಬರದ ದೊಡ್ಡ ಶಬ್ದ ಯಾವೂ ನಮ್ಮ ಮಾತಿನಾಗ ಇಲ್ಲ. 'ಸಕಲ ನಾಗರಿಕರಂತೆ' ಅನ್ನೂದನ್ನ ಹೇಳಾಕ ಹೋದ್ರ 'ಊರವರಂಗ ಆಗೇವಿ' ಅಂತ ಆತು. ನಕ್ಕರು. ತಾರಾ ಅತ್ತಿ, ಹಂಗಾದ್ರ ಅವ್ರ ಬಾವ್ಯಾಗ ನೀರು ಸೇದಾಕ ಹೋಗೂಣೇನು ಅಂದ್ಳು. ಬೇಟೆ ಗೊತ್ತಿಲ್ಲ ಅನ್ನೂ ಸಾಲಿಗೆ ನಗು ಕಡಿಮಿ ಆತು. ಹಿರ್ಯಾರ ಪದ್ಧತಿ ನೆನಪಿಲ್ಲ ಅನ್ನೂದಕ್ಕ ಯಾರೂ ನಗಲಿಲ್ಲ. ದೊಡ್ಡಪ್ಪ ತನ್ನ ಹೆಬ್ಬಟ್ಟು ನೋಡ್ಕೊಂಡು, ಇದಕ್ಕ ನಾ ಒತ್ತೇನೇನು ಅಂತ ಕೇಳಿದ. ನನ್ನ ಕೇಳಲಿಲ್ಲ, ಶಾಂತಾನ್ನ ಕೇಳಿದ. ಅಕಿ ಹೌದಂದ್ಳು.

ಉರುಲು ಅನ್ನೂ ಸಾಲು ಬಂತು. ನಾನು ನಮ್ಮ ಮಾತಿನಾಗ ಒಂದು ಶಬ್ದ ಹಾಕಿದ್ನಿ. ಅಜ್ಜ ಕೈ ಎತ್ತಿ ನಿಲ್ಲಿಸಿದ. ಅದು ಜಿಂಕಿದು, ಕೌಜುಗದ್ದು ಬ್ಯಾರೆ, ಪುರಲಿದು ಇನ್ನೂ ಬ್ಯಾರೆ, ನಾಲ್ಕು ವರ್ಷ ಮಾತಾಡಾಕಿ ಆಗಿ ಇಷ್ಟೂ ಗೊತ್ತಿಲ್ಲೇನು ಅಂತ ಬೈದ. ಬೈಕೊಂತ ಹೊರಸಿನ ಮ್ಯಾಲಿದ್ದ ಫೈಲಿನ ದಾರ ತಗೊಂಡ. ಒಂದು ಉಸಿರು ತಗೊಳ್ಳೂ ಹೊತ್ತು ಬೇಕಾತೇನೋ. ಸುತ್ತಿದ, ಒಳಗಿಂದ ತಗದ, ಜಗ್ಗಿದ. ಸಾಹೇಬ್ರ ಕೈಯಾಗಿನ ಪೆನ್ನು ಉರುಲಿನಾಗ ನೇತಾಡಾಕತ್ತಿತ್ತು.

ಅವ್ರು ಬಿಡಿಸಾಕ ನೋಡಿದ್ರು. ಜಗ್ಗಿದಷ್ಟೂ ಬಿಗೀತು. ಅಜ್ಜ ಒಂದು ತುದಿ ಮುಟ್ಟಿದ, ಬಿಚ್ಚಿ ಬಿತ್ತು. ಸಾಹೇಬ್ರು ಇನ್ನೊಂದು ಸಲ ಮಾಡಿ ಅಂದ್ರು. ಅಜ್ಜ ಕೌಜುಗದ್ದು ಮಾಡಿದ, ಪುರಲಿದು ಮಾಡಿದ. ಒಂದೊಂದರ ಹೆಸರು ಹೇಳಿದ, ಯಾವ ಹುಲ್ಲಿನಾಗ ಹೂಡೂದು ಹೇಳಿದ, ಗಬ್ಬದ ಜಿಂಕಿ ಬಿದ್ರ ಹೆಂಗ ಬಿಡೂದು ಹೇಳಿದ. ನಾನು ಒಂದಕ್ಷರ ಕೂಡಿಸಲಾರದ ಕನ್ನಡಕ್ಕ ತಂದ್ನಿ. ಕೂಡಿಸಾಕ ಪುರಸೊತ್ತು ಇರಲಿಲ್ಲ. ಸರ್ಕಾರಿ ದಾರದಾಗ ಮಾಡಿದ ಉರುಲಿಗೆ ಯಾವ ಅರಣ್ಯದವರೂ ಕೇಸ್ ಹಾಕಾಕ ಬರಂಗಿಲ್ಲ.

ಆಮ್ಯಾಲ ಸಾಹೇಬ್ರು ಉಳದ ಕಡೀ ಸಾಲು ಓದಿ ಅಂದ್ರು, ಗೆರಿ ಎಳದಿದ್ದು. ನಮ್ಮ ಮಕ್ಕಳಿಗೆ ನಮ್ಮ ಹಳೆಯ ಭಾಷೆಯ ಒಂದು ಶಬ್ದವೂ ಬಾರದು. ಅದನ್ನ ನಾನು ನಮ್ಮ ಭಾಷೆದಾಗ ಓದಿದ್ನಿ. ಎಲ್ಲಾರೂ ನನ್ನ ಮಾರಿ ನೋಡಿದ್ರು. ಸಾಹೇಬ್ರೂ ನೋಡಿದ್ರು, ನಮೂನೆ ಬಿಚ್ಚಿ, ಪೆನ್ನಿನ ಟೊಪ್ಪಿಗಿ ತಗದು ಬರ್ಯಾಕ ಸುರು ಮಾಡಿದ್ರು.

ಬರದು ಮುಗಿಸಿ ನನಗಷ್ಟ ಕೇಳೂವಂಗ ಹೇಳಿದ್ರು. ನಾನು ನೋಡಿದ್ದು ಬರೆದಿದ್ದೀನಿ, ಆದ್ರೆ ಈ ಹಳೇ ಕಾಗದ ಫೈಲಲ್ಲಿ ಇರೋವರೆಗೂ ನನ್ನ ಮಾತು ನಿಲ್ಲಲ್ಲ. ಇದು ಸುಳ್ಳು ಅಂತ ಯಾರಾದ್ರೂ ಹೇಳಬೇಕು. ಒತ್ತಿದವರು ಹೇಳಿದ್ರೆ ಪೊಲೀಸರಿಗೆ ಸುಳ್ಳು ಹೇಳಿದ್ರಿ ಅಂತ ಅವರ ಮೇಲೇ ಬರುತ್ತೆ. ಬರೆದವರು ಹೇಳಿದ್ರೆ ಬರೆದವರ ಮೇಲೆ. ಆಗ ನಿನಗೆ ವಯಸ್ಸೆಷ್ಟು? ಹದಿನಾಲ್ಕ್ರಿ ಅಂದ್ನಿ. ಕೇಸ್ ಏನೂ ಆಗಲ್ಲ, ಆದ್ರೆ ಇನ್ನು ಮುಂದೆ ನಿನ್ನ ಅಕ್ಷರದ ಕಾಗದ ಯಾವ ಕಚೇರಿಯಲ್ಲೂ ನಡೆಯಲ್ಲ ಅಂದ್ರು.

ಐದು ತಾಲ್ಲೂಕಿನಾಗ ನಡಿಯೂ ಅಕ್ಷರ. ನಾನು ಶಾಂತಾನ ಕಡೆ ನೋಡಿದ್ನಿ, ಬ್ಯಾಡ ಬಿಡು ಅಂತಾಳೇನು ಅಂತ. ಅನ್ನಲಿಲ್ಲ. ಅಂಕಪಟ್ಟಿ ಹಿಡಕೊಂಡು ಹಂಗ ನಿಂತಿದ್ದಳು. ಅಕಿ ಜಾಗಾದಾಗ ನಾನಿದ್ರೂ ಅನ್ನತಿರಲಿಲ್ಲ.

ಒಂದು ಬಿಳಿ ಹಾಳಿ ಇಸಗೊಂಡು ಬರದ್ನಿ. "ಆ ಕಾಗದ ನಾನು ಬರೆದದ್ದು. ಹೆಬ್ಬೆಟ್ಟು ಒತ್ತಿದವರಿಗೆ ನಾನು ಓದಿ ಹೇಳಿಲ್ಲ." ಕೆಳಗ ಸಹಿ. ಸಾಹೇಬ್ರು ನೋಡಿ, ಇಷ್ಟೇನಾ ಅಂದ್ರು. ಇಷ್ಟ ರಿ ಅಂದ್ನಿ. ನನ್ನ ಸರ್ವಿಸಿನಾಗ ಬರದ ಎಲ್ಲಾಕಿಂತ ಸಣ್ಣ ಕಾಗದ ಅದು, ಕಡೀದೂ ಅದ.

ಪಾರು, ನಿನಗ ಹೇಳೂದು ಇಷ್ಟ. 'ನಾವು ನಿಮ್ಮಂಗ' ಅಂತ ಬರಕೊಡು ಅಂತ ಒಬ್ಬರು ಕೇಳ್ತಾರ, 'ನಾವು ನಿಮ್ಮಂಗಲ್ಲ' ಅಂತ ಬರಕೊಡು ಅಂತ ಇನ್ನೊಬ್ಬರು. ಎರಡೂ ಕಾಗದ ಒಂದ ಫೈಲಿಗೆ ಹೋಗ್ತಾವ. ಅಕ್ಷರ ಚಂದ ಇರಲಿ, ಸಾಲು ಕಡಿಮಿ ಇರಲಿ.

ಸರ್ಟಿಫಿಕೇಟ್ ಕಡೀ ದಿನ ಮುಂಜಾನೆ ರಾಜೇಸಾಬನ ಅಂಗಡ್ಯಾಗ ಬಂತು. ಅಂವ ಪ್ರಿಂಟ್ ತಗದು, ಬಿಸಿ ಇದ್ದಂಗ ಪ್ಲಾಸ್ಟಿಕ್ ಹಾಕಿ, ಓಣಿಗೆ ತಾನ ಗಾಡಿ ಮ್ಯಾಲ ತಂದ. ಶಾಂತಾ ಚೀಲ ಹೆಗಲಿಗೆ ಹಾಕ್ಕೊಂಡು ನಿಂತಿದ್ದಳು, ವಿಜಯಪುರದ ಬಸ್ಸಿಗೆ ಅರ್ಧ ತಾಸು ಇತ್ತು. ಕಾಗದ ಮುಟ್ಟಿದ್ದಕ್ಕ ಮನಿ ಹಿರ್ಯಾಂದು ಒಂದು ಹೆಬ್ಬಟ್ಟು ಬೇಕು ಅಂತ ರಾಜೇಸಾಬ ಮಸಿ ಡಬ್ಬಿ ತಗದ. ಅಜ್ಜ ಹೆಬ್ಬಟ್ಟನ್ನ ಮುಷ್ಟಿ ಒಳಗ ಮುಚ್ಚಿಕೊಂಡ.

"ಮೊದಲ ಓದು."

ಓದಿದ್ನಿ, ನಮ್ಮ ಮಾತಿನಾಗ. ಮ್ಯಾಲಿನ ನಂಬರು, ಅಕಿ ಹೆಸರು, ಅಪ್ಪನ ಹೆಸರು, ತಾಲ್ಲೂಕು, ದುಂಡನೆ ಸಿಕ್ಕಾದಾಗಿನ ಅಕ್ಷರ, ಏನೂ ಬಿಡಲಿಲ್ಲ. ಅಜ್ಜ ಪೂರ್ತಿ ಕೇಳಿ, ಅಷ್ಟಂದ್ರ ಏನು ಅಂದ.

"ಶಾಂತಾ ನಮ್ಮಾಕಿ ಅಂತ ಸರ್ಕಾರ ಬರದೈತಿ."

ಅಜ್ಜ ಮುಷ್ಟಿ ಬಿಚ್ಚಿ, ಮಸಿಯಾಗ ಬಟ್ಟು ಅದ್ದಿ, ಒತ್ತಿ, ಒರಸಿಕೊಂತ ಕೇಳಿದ, "ಅವ್ರಿಗೆ ಇವತ್ತ ಗೊತ್ತಾತೇನು?"